ಗುಳಿಗೆಯೂ ಗಳಿಗೆಯೂ

ನಮ್ಮ ಭಾಷೆಯಲ್ಲಿ ಮಾತ್ರೆ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಛಂದಸ್ಸನ್ನು ಬಲ್ಲವರಿಗೆ ಅದು ಕಾಲದ ಅಳತೆ; ಹ್ರಸ್ವಾಕ್ಷರವೊಂದನ್ನು ಉಚ್ಚರಿಸುವಷ್ಟು ಹೊತ್ತು ಒಂದು ಮಾತ್ರೆ, ದೀರ್ಘಕ್ಕೆ ಎರಡು. ಮಿಕ್ಕವರಿಗೆ ಅದು ಔಷಧದ ಅಂಗಡಿಯಲ್ಲಿ ದೊರೆಯುವ ಬಿಳಿಯ ಬಿಲ್ಲೆ. ಮೂಲದಲ್ಲಿ ಎರಡೂ ಒಂದೇ. ಸಂಸ್ಕೃತದಲ್ಲಿ ಮಾತ್ರಾ ಎಂದರೆ ಅಳತೆ, ಮಿತಿ. ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಮಾತ್ರಾಗಣಗಳನ್ನು ಎಣಿಸಲು ಕಲಿಸಿದ ನಾನು, ನನ್ನ ಮನೆಯಲ್ಲಿಯೇ ನುಂಗಿದ ಮಾತ್ರೆಗಳನ್ನು ಎಣಿಸದೆ ಹೋದೆನೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುವೆನು. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಬಹುಮಟ್ಟಿಗೆ ಎಲ್ಲ ಕಡೆಯೂ ಅಂತಹುದೇ ಒಂದು ಡಬ್ಬಿ ಇರುವುದಷ್ಟೆ.

೨೦೨೪ನೆಯ ಇಸವಿಯ ಆಷಾಢಮಾಸ. ಆ ವರ್ಷ ಕರ್ನಾಟಕದಲ್ಲಿ ಡೆಂಗ್ಯೂ ಜ್ವರವು ಬಹಳವಾಗಿ ಹಬ್ಬಿದ್ದುದು ವಾಚಕರ ನೆನಪಿನಲ್ಲಿರಬಹುದು. ನಮ್ಮ ಮನೆಯಾಕೆಗೂ ಒಂದು ಸಂಜೆ ಚಳಿಜ್ವರ ಬಂದಿತು. ಮಗನು ಅಂಗಡಿಗೆ ಹೋಗಿ ಜ್ವರದ ಮಾತ್ರೆಯನ್ನು ತಂದು, ದಿನಕ್ಕೆ ನಾಲ್ಕು ಎಂದು ಹೇಳಿ ತನ್ನ ಕಚೇರಿಗೆ ಹೋದನು. ಮೂಗು ಸೋರುತ್ತಿರುವುದನ್ನು ಕಂಡ ಸೊಸೆಯು, ಮನೆಯಲ್ಲಿಯೇ ಇದ್ದ ನೆಗಡಿಯ ಮಾತ್ರೆಯನ್ನು ಮೂರು ಹೊತ್ತು ಕೊಟ್ಟಳು. ಮೊಣಕಾಲಿನ ನೋವಿಗಾಗಿ ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆಯನ್ನು ಮೊದಲಿನಿಂದಲೂ ನುಂಗುತ್ತಿದ್ದ ಆಕೆಯು ಅದನ್ನೂ ಬಿಡಲಿಲ್ಲ. ಮೂವರೂ ಪ್ರೀತಿಯಿಂದಲೇ ಮಾಡಿದರು. ಒಬ್ಬರಿಗೆ ಒಬ್ಬರು ಹೇಳಲಿಲ್ಲ. ಮೂರಕ್ಕೂ ನೀರಿನ ಲೋಟವನ್ನು ಹಿಡಿದು ನಿಂತವನು ನಾನು.

ಮೂರನೆಯ ದಿನ ಆಕೆಗೆ ಓಕರಿಕೆ ಹತ್ತಿತು, ಗಂಜಿಯೂ ಸೇರಲಿಲ್ಲ. ಜ್ವರದ ಬಾಧೆಯೆಂದು ನಾವು ತಿಳಿದೆವು. ನಾಲ್ಕನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಹಾಸಿಗೆಯ ಪಕ್ಕದಲ್ಲಿ ಕುಳಿತು, ಮಾತ್ರೆಯ ಸ್ಟ್ರಿಪ್ಪುಗಳ ಹಿಂದಿನ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಆಟಕ್ಕೆ ಓದುತ್ತಿದ್ದವಳು, “ತಾತ, ಮೂರರ ಮೇಲೂ ಒಂದೇ ಹೆಸರು ಇದೆಯಲ್ಲಾ” ಎಂದಳು. ನಾನು ಕನ್ನಡಕವನ್ನು ಹಾಕಿಕೊಂಡು ನೋಡಿದೆನು. ಮುಂದುಗಡೆ ದೊಡ್ಡದಾಗಿ ಅಚ್ಚಾಗಿದ್ದ ಹೆಸರುಗಳು ಮೂರು ಬಗೆ. ಹಿಂದುಗಡೆಯ ಸಣ್ಣ ಅಕ್ಷರಗಳಲ್ಲಿ ಮೂರರಲ್ಲಿಯೂ ಪ್ಯಾರಾಸಿಟಮಾಲ್.

ಲೆಕ್ಕ ಹಾಕಿದೆನು. ಜ್ವರದ ಮಾತ್ರೆಯಲ್ಲಿ ೬೫೦ ಮಿಲಿಗ್ರಾಂ, ನಾಲ್ಕು ಸಲಕ್ಕೆ ೨೬೦೦. ನೆಗಡಿಯದರಲ್ಲಿ ೫೦೦, ಮೂರು ಸಲಕ್ಕೆ ೧೫೦೦. ಮೊಣಕಾಲಿನದು ಜೋಡಿ ಔಷಧ; ಅದರಲ್ಲಿ ಐಬುಪ್ರೊಫೆನ್ ೪೦೦, ಅದರೊಡನೆ ಪ್ಯಾರಾಸಿಟಮಾಲ್ ೩೨೫; ಎರಡು ಸಲಕ್ಕೆ ಪ್ಯಾರಾಸಿಟಮಾಲ್ ೬೫೦. ಒಟ್ಟು ದಿನಕ್ಕೆ ೪೭೫೦ ಮಿಲಿಗ್ರಾಂ. ದೃಢಕಾಯರಾದ ವಯಸ್ಕರಿಗೂ ಇಪ್ಪತ್ತನಾಲ್ಕು ಗಂಟೆಗಳಲ್ಲಿ ೪೦೦೦ಕ್ಕೆ ಮೀರಕೂಡದೆಂಬುದು ಮಿತಿ. ೫೦ ಕಿಲೋಗಿಂತ ಕಡಿಮೆ ತೂಕದವರಿಗೆ, ಊಟವಿಲ್ಲದೆ ಕೃಶರಾದವರಿಗೆ, ದಿನವೂ ಮದ್ಯಪಾನ ಮಾಡುವವರಿಗೆ, ಯಕೃತ್ತಿನ ರೋಗವುಳ್ಳವರಿಗೆ ಮಿತಿಯು ಇನ್ನೂ ಕಡಿಮೆ. ನಮ್ಮಾಕೆಯ ತೂಕ ೪೩ ಕಿಲೋ. ಮೂರು ದಿನಗಳಿಂದ ಆಕೆ ಸರಿಯಾಗಿ ಉಂಡಿರಲಿಲ್ಲ.

ಆಟೋರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿಯ ವೈದ್ಯನು ಹಿಂದೆ ನನ್ನ ತರಗತಿಯಲ್ಲಿಯೇ ಓದಿದವನು. ನಾಡಿಯನ್ನು ಹಿಡಿಯುವುದಕ್ಕೆ ಮೊದಲೇ, “ಮೇಷ್ಟ್ರೇ, ಯಾವ ಮಾತ್ರೆ, ಎಷ್ಟು, ಕಡೆಯದನ್ನು ಎಷ್ಟು ಗಂಟೆಗೆ ಕೊಟ್ಟಿರಿ?” ಎಂದು ಕೇಳಿದನು. ಮೊದಲಿನ ಎರಡಕ್ಕೆ ಸ್ಟ್ರಿಪ್ಪುಗಳು ಉತ್ತರ ಹೇಳಿದವು. ಮೂರನೆಯದಕ್ಕೆ ನಮ್ಮಲ್ಲಿ ಯಾರಿಗೂ ಉತ್ತರ ತಿಳಿಯದು. ರಕ್ತಪರೀಕ್ಷೆಯಲ್ಲಿ ಡೆಂಗ್ಯೂ ಇಲ್ಲವೆಂದಾಯಿತು. ಆದರೆ ಯಕೃತ್ತು ನೊಂದಿರುವ ಗುರುತುಗಳು ಕಂಡವು. ರಕ್ತನಾಳದ ಮೂಲಕ ಪ್ರತಿವಿಷವನ್ನು ಏರಿಸಿದರು. ಮೂರು ದಿನಗಳಾದ ಮೇಲೆ ಆಕೆಯು ತಾನಾಗಿಯೇ ಸಾರನ್ನವನ್ನು ಕೇಳಿದಾಗ ನನಗೆ ಉಸಿರು ಬಂದಂತಾಯಿತು.

ಆ ಮೂರು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಆ ಶಿಷ್ಯನಿಂದ ನಾನು ಕಲಿತ ಪಾಠಕ್ಕೆ, ಆಮೇಲೆ ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನೋವು ಹೆಚ್ಚಾದರೆ ಮಾತ್ರೆಯನ್ನೂ ಹೆಚ್ಚಿಸಬೇಕೆಂಬುದು ನಮ್ಮೆಲ್ಲರ ಸಹಜವಾದ ಭಾವನೆ. ಆದರೆ ಯಕೃತ್ತಿಗೆ ನೋವಿನ ತೀವ್ರತೆಯು ತಿಳಿಯದು. ಎಷ್ಟು ಗಂಟೆಗಳಲ್ಲಿ ಎಷ್ಟು ಬಂದಿತೆಂಬುದೊಂದೇ ಅದಕ್ಕೆ ತಿಳಿಯುವುದು. ನಾವು ನುಂಗಿದ ಪ್ಯಾರಾಸಿಟಮಾಲಿನ ಬಹುಭಾಗವನ್ನು ಅದು ನಿರಪಾಯವಾಗಿ ಮಾರ್ಪಡಿಸಿ ಮೂತ್ರದಲ್ಲಿ ಕಳುಹಿಸಿಬಿಡುತ್ತದೆ. ಒಂದು ಸ್ವಲ್ಪ ಭಾಗವು ಮಾತ್ರ ವಿಷವಾಗಿ ಪರಿಣಮಿಸುತ್ತದೆ. ಆ ವಿಷವನ್ನು ಕೂಡಲೇ ಕಟ್ಟಿಹಾಕುವುದಕ್ಕೆ ಗ್ಲುಟಥಯೋನ್ ಎಂಬ ದ್ರವ್ಯವನ್ನು ಯಕೃತ್ತು ತನ್ನಲ್ಲಿಯೇ ಸಂಗ್ರಹಿಸಿಟ್ಟಿರುತ್ತದೆ. ಮಿತಿಯಲ್ಲಿದ್ದರೆ ಆ ದಾಸ್ತಾನು ಸಾಕು. ಮಿತಿ ಮೀರಿದರೆ ಕಣಜವು ಬರಿದಾಗುತ್ತದೆ. ಉಪವಾಸವಿದ್ದವರ ಕಣಜವು ಮೊದಲೇ ಅರೆಬರಿದು. ಆಮೇಲೆ ವಿಷವು ಯಕೃತ್ತಿನ ಕೋಶಗಳನ್ನೇ ಕೊಲ್ಲತೊಡಗುತ್ತದೆ.

ಇದರಲ್ಲಿ ಭಯಂಕರವಾದುದು ಮೊದಲ ದಿನದ ಮೌನ. ಅತಿಯಾಗಿ ನುಂಗಿದವನಿಗೆ ಮೊದಲ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಏನೂ ಆಗದಿರಬಹುದು. ಹೆಚ್ಚೆಂದರೆ ಸ್ವಲ್ಪ ಓಕರಿಕೆ, ಬೆವರು. ಎರಡನೆಯ ಮೂರನೆಯ ದಿನಗಳಲ್ಲಿ ಬಲಪಕ್ಕೆಯ ನೋವು, ಕಣ್ಣಿನ ಹಳದಿ ಕಾಣುವ ಹೊತ್ತಿಗೆ ಅಮೂಲ್ಯವಾದ ಕಾಲವು ಕಳೆದಿರುತ್ತದೆ. ಪ್ರತಿವಿಷವೇನೋ ಇದೆ, ಎನ್-ಅಸಿಟೈಲ್‌ಸಿಸ್ಟೀನ್ ಎಂದು ಅದರ ಹೆಸರು. ಬರಿದಾದ ಕಣಜವನ್ನು ತುಂಬಿಸುವುದೇ ಅದರ ಕೆಲಸ. ಒಮ್ಮೆಗೇ ಅತಿಯಾಗಿ ನುಂಗಿದಲ್ಲಿ ಎಂಟು ಗಂಟೆಗಳೊಳಗೆ ಅದನ್ನು ಕೊಟ್ಟರೆ ಯಕೃತ್ತು ಬಹುತೇಕ ಉಳಿಯುತ್ತದೆ. ತಡವಾದಷ್ಟೂ ಫಲ ಕಡಿಮೆ. ಆದಕಾರಣ ಹೆಚ್ಚಾಯಿತೆಂದು ಸಂಶಯ ಬಂದ ಕೂಡಲೇ, ಮೈ ಚೆನ್ನಾಗಿಯೇ ಇದ್ದರೂ, ಖಾಲಿಯಾದ ಸ್ಟ್ರಿಪ್ಪುಗಳನ್ನು ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೋಗತಕ್ಕದ್ದು.

ಇಷ್ಟೆಲ್ಲ ಓದಿ, ಪ್ಯಾರಾಸಿಟಮಾಲ್ ದುಷ್ಟ ಔಷಧವೆಂದು ಯಾರೂ ಭಾವಿಸಬಾರದು. ಮಿತಿಯಲ್ಲಿ ಬಳಸಿದರೆ ಅದರಷ್ಟು ಸಾಧುವಾದ ನೋವಿನ ಔಷಧವು ಮತ್ತೊಂದಿಲ್ಲ. ಅದರ ವಂಶಚರಿತ್ರೆಯೂ ಸ್ವಾರಸ್ಯವಾಗಿದೆ. ೧೮೮೬ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಕಾನ್ ಮತ್ತು ಹೆಪ್ ಎಂಬ ಇಬ್ಬರು ವೈದ್ಯರು ಹೊಟ್ಟೆಯ ಹುಳುವಿಗಾಗಿ ನ್ಯಾಫ್ತಲೀನನ್ನು ಪ್ರಯೋಗಿಸಬೇಕೆಂದಿದ್ದಾಗ, ತಪ್ಪಾಗಿ ಅಸಿಟನಿಲೈಡ್ ಎಂಬ ಬೇರೆ ದ್ರವ್ಯವು ಅವರ ಕೈಗೆ ಬಂದಿತಂತೆ. ಹುಳು ಸಾಯಲಿಲ್ಲ, ಜ್ವರವು ಇಳಿಯಿತು! ಸೀಸೆಯ ಚೀಟಿಯನ್ನು ಓದದೆ ಆದ ತಪ್ಪು ಲೋಕಕ್ಕೆ ಉಪಕಾರವಾದುದು ಬಹುಶಃ ಅದೊಂದೇ ಸಲ. ಆದರೆ ಅಸಿಟನಿಲೈಡ್ ತೆಗೆದುಕೊಂಡವರಲ್ಲಿ ಕೆಲವರ ತುಟಿ ಉಗುರುಗಳು ನೀಲಿಗಟ್ಟುತ್ತಿದ್ದವು. ಅದರ ಬದಲು ಬಂದ ಫಿನಾಸಿಟಿನ್ ಬಹುಕಾಲ ನುಂಗಿದವರ ಮೂತ್ರಪಿಂಡಗಳನ್ನು ಕೆಡಿಸಿತು. ೧೯೪೮ರಲ್ಲಿ ಅಮೆರಿಕದ ಬ್ರಾಡಿ, ಆಕ್ಸೆಲ್ರಾಡ್ ಎಂಬವರು, ಅಸಿಟನಿಲೈಡ್ ದೇಹದೊಳಗೆ ಪ್ಯಾರಾಸಿಟಮಾಲಾಗಿ ಮಾರ್ಪಟ್ಟೇ ನೋವನ್ನು ತಗ್ಗಿಸುವುದೆಂದು ತೋರಿಸಿದರು. ಹಾಗಾದರೆ ಅದನ್ನೇ ನೇರವಾಗಿ ಕೊಡಬಾರದೇಕೆ ಎಂಬ ಯೋಚನೆಯಿಂದ ೧೯೫೦ರ ದಶಕದಲ್ಲಿ ಈ ಮಾತ್ರೆಯು ಅಂಗಡಿಗಳಿಗೆ ಬಂದಿತು.

ಇನ್ನು ಕಾಲದ ವಿಚಾರ. ಸುಶ್ರುತಸಂಹಿತೆಯು ಔಷಧಸೇವನೆಗೆ ಹತ್ತು ಕಾಲಗಳನ್ನು ಎಣಿಸುತ್ತದೆ. ಊಟಕ್ಕೆ ಮೊದಲಿನದು ಪ್ರಾಗ್ಭಕ್ತ, ಊಟದ ತರುವಾಯದ್ದು ಅಧೋಭಕ್ತ, ಹೀಗೆ. ಮುಹುರ್ಮುಹುಃ, ಅಂದರೆ ಮತ್ತೆ ಮತ್ತೆ ಕೊಡುವುದು ಎಂಬುದೂ ಅವುಗಳಲ್ಲಿ ಒಂದು. ಆದರೆ ಅದನ್ನು ಹೇಳಿರುವುದು ಉಬ್ಬಸ, ಕೆಮ್ಮು, ಬಿಕ್ಕಳಿಕೆ, ವಾಂತಿಗಳಿಗೆ. ನಮ್ಮ ಜನರು ತಲೆನೋವಿನ ಮಾತ್ರೆಗೂ ಆ ಕಾಲವನ್ನೇ ಅನ್ವಯಿಸಿಕೊಂಡಿರುವಂತೆ ಕಾಣುತ್ತದೆ. ನುಂಗಿ ಹದಿನೈದು ನಿಮಿಷವಾಗುವಷ್ಟರಲ್ಲಿ, ಇದು ಕೆಲಸ ಮಾಡಲಿಲ್ಲವೆಂದು ಇನ್ನೊಂದು. ಅದೂ ಆಗಲಿಲ್ಲವೆಂದು ಪಕ್ಕದ ಮನೆಯವರು ಕೊಟ್ಟ ಮತ್ತೊಂದು!

ಪ್ಯಾರಾಸಿಟಮಾಲ್ ಆಗಲಿ ಐಬುಪ್ರೊಫೆನ್ ಆಗಲಿ ಹೊಟ್ಟೆಯಲ್ಲಿ ಕರಗಿ ರಕ್ತವನ್ನು ಸೇರಿ ಫಲ ತೋರುವುದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಬೇಕು. ನಮ್ಮ ಹಿರಿಯರ ಗಣನೆಯಲ್ಲಿ ಗಳಿಗೆಯೆಂದರೆ ೨೪ ನಿಮಿಷ. ಒಂದೆರಡು ಗಳಿಗೆಯಷ್ಟು ತಾಳ್ಮೆ ಸಾಕು. ಹೊಟ್ಟೆ ತುಂಬ ಉಂಡ ಮೇಲೆ ತೆಗೆದುಕೊಂಡರೆ ಇನ್ನೂ ಸ್ವಲ್ಪ ತಡವಾಗುತ್ತದೆ, ಅಷ್ಟೆ. ಫಲವು ನಿಲ್ಲುವುದು ಪ್ಯಾರಾಸಿಟಮಾಲಿನಲ್ಲಿ ನಾಲ್ಕರಿಂದ ಆರು ಗಂಟೆ; ಐಬುಪ್ರೊಫೆನ್‌ನಲ್ಲಿ ಆರರಿಂದ ಎಂಟು. ಆದುದರಿಂದ ಒಂದು ಪ್ಯಾರಾಸಿಟಮಾಲಿಗೂ ಮತ್ತೊಂದಕ್ಕೂ ನಡುವೆ ಏನೇ ಆದರೂ ನಾಲ್ಕು ಗಂಟೆಗಳ, ಎಂದರೆ ಹತ್ತು ಗಳಿಗೆಗಳ ಅಂತರವಿರಬೇಕು. ಆರು ಗಂಟೆಯಿದ್ದರೆ ಮತ್ತೂ ಕ್ಷೇಮ. ನಿದ್ರಿಸುತ್ತಿರುವ ರೋಗಿಯನ್ನು, ಹೊತ್ತಾಯಿತೆಂದು ಎಬ್ಬಿಸಿ ಜ್ವರದ ಮಾತ್ರೆಯನ್ನು ಕೊಡುವ ಅವಸರ ಬೇಡ; ನಿದ್ರೆಯೇ ಆಗ ಹೆಚ್ಚಿನ ಔಷಧ. ನುಂಗುವಾಗ ಎದ್ದು ಕುಳಿತು ಒಂದು ಲೋಟ ನೀರನ್ನು ಪೂರ್ತಿ ಕುಡಿಯಬೇಕು. ಮಲಗಿದಂತೆಯೇ ಒಂದು ಗುಟುಕು ಕಾಫಿಯಲ್ಲಿ ನುಂಗಿದರೆ ಮಾತ್ರೆಯು ಅನ್ನನಾಳದಲ್ಲಿ ಅಂಟಿಕೊಂಡು ಹುಣ್ಣು ಮಾಡುವುದುಂಟು.

ಕಾಲವನ್ನು ಹಿಂದಕ್ಕೆ ತಳ್ಳಬಾರದ ಸಂದರ್ಭಗಳೂ ಇವೆ. ಅರೆತಲೆನೋವಿನವರು ನೋವು ಏರುವವರೆಗೂ ಸಹಿಸಿಕೊಂಡಿದ್ದು ಆಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಆ ವೇಳೆಗೆ ಜಠರವು ಮಂದವಾಗಿ ಔಷಧವು ಮುಂದಕ್ಕೆ ಸಾಗದು. ಮೊದಲ ಸೂಚನೆಯಲ್ಲಿಯೇ ಪೂರ್ತಿ ಪ್ರಮಾಣವನ್ನು ತೆಗೆದುಕೊಳ್ಳುವುದೇ ಸರಿ. ಹೆಣ್ಣುಮಕ್ಕಳ ತಿಂಗಳ ಹೊಟ್ಟೆನೋವೂ ಹಾಗೆಯೇ. ಸಹನೆಯೇ ಹೆಣ್ಣಿನ ಭೂಷಣವೆಂದು ಹೇಳಿ ಅವರನ್ನು ನರಳಿಸುವ ಹಿರಿಯರು ಇನ್ನೂ ಇದ್ದಾರೆ. ಅದರಲ್ಲಿ ನನಗೆ ಯಾವ ಧರ್ಮವೂ ಕಾಣದು. ನೋವು ಮೊದಲಾದೊಡನೆ ಊಟದ ಮೇಲೆ ಐಬುಪ್ರೊಫೆನ್ ತೆಗೆದುಕೊಂಡು, ಒಂದೆರಡು ದಿನ ಹೊತ್ತಿಗೆ ಸರಿಯಾಗಿ ಮುಂದುವರಿಸಿದರೆ, ಅದು ಒಗ್ಗುವ ಬಹುಮಂದಿಗೆ ಸುಖವಾಗುತ್ತದೆ.

ಆದರೆ ತಲೆನೋವಿಗೆ ಮಾತ್ರೆ ನುಂಗುವ ದಿನಗಳು ತಿಂಗಳಿನಲ್ಲಿ ೧೫ಕ್ಕೆ ಮುಟ್ಟಿ, ಮೂರು ತಿಂಗಳಿಗೂ ಮಿಕ್ಕಿ ಹಾಗೆಯೇ ನಡೆದರೆ, ಮಾತ್ರೆಯೇ ತಲೆನೋವನ್ನು ತರತೊಡಗುತ್ತದೆ. ಹಲವು ಔಷಧಗಳನ್ನು ಕೂಡಿಸಿದ ಮಾತ್ರೆಗಳಾದರೆ ಹತ್ತು ದಿನಗಳೇ ಸಾಕು. ಸಾಲವನ್ನು ತೀರಿಸಲು ಸಾಲ ಮಾಡಿದಂತೆ; ಒಂದೊಂದು ಬೆಳಿಗ್ಗೆಯೂ ನೋವಿನೊಡನೆ ಏಳುವುದು, ಮತ್ತೆ ಡಬ್ಬಿಗೆ ಕೈ ಹಾಕುವುದು. ಇಂತಹವರು ವೈದ್ಯರ ಸಲಹೆಯಂತೆ ಮಾತ್ರೆಯನ್ನು ಬಿಡುವುದೇ ಚಿಕಿತ್ಸೆ.

ನೋವಿನ ಔಷಧಗಳಲ್ಲಿ ಎರಡನೆಯ ಕುಲವೊಂದಿದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಂತಾದುವು ಅದಕ್ಕೆ ಸೇರಿದುವು. ಊತವಿರುವ ನೋವಿಗೆ ಇವು ಬಲವತ್ತರ. ಬ್ರಿಟನ್ನಿನ ಜಾನ್ ವೇನ್ ೧೯೭೧ರಲ್ಲಿ ಇವುಗಳ ಗುಟ್ಟನ್ನು ಹೊರಗೆಡವಿ ೧೯೮೨ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಭಾಗಿಯಾದನು. ನೋವು, ಊತಗಳನ್ನು ಉಂಟುಮಾಡುವ ಪ್ರೋಸ್ಟಾಗ್ಲಾಂಡಿನ್ ಎಂಬ ದ್ರವ್ಯಗಳ ಉತ್ಪತ್ತಿಯನ್ನೇ ಇವು ತಡೆಯುತ್ತವೆ. ತೊಂದರೆಯೇನೆಂದರೆ, ಜಠರದ ಒಳಪದರವನ್ನು ಅದರದೇ ಆಮ್ಲದಿಂದ ಕಾಪಾಡುವುದೂ, ಮೂತ್ರಪಿಂಡಗಳಿಗೆ ರಕ್ತವು ಸಾಕಷ್ಟು ಹರಿಯುವಂತೆ ನೋಡಿಕೊಳ್ಳುವುದೂ ಅವೇ ದ್ರವ್ಯಗಳು. ಕಳ್ಳನನ್ನು ಹಿಡಿಯಹೋಗಿ ಕಾವಲುಗಾರನನ್ನೂ ಕಟ್ಟಿದಂತಾಗುತ್ತದೆ. ಆದುದರಿಂದಲೇ ಇವುಗಳನ್ನು ಬರಿಯ ಹೊಟ್ಟೆಯಲ್ಲಿ ನುಂಗದೆ ಊಟದೊಡನೆಯೋ ಊಟವಾದ ಮೇಲೆಯೋ ತೆಗೆದುಕೊಳ್ಳಬೇಕೆನ್ನುವುದು. ಐಬುಪ್ರೊಫೆನ್ ತಾನಾಗಿ ಕೊಂಡು ಬಳಸುವವನಿಗೆ ದಿನದ ಮಿತಿ ೧೨೦೦ ಮಿಲಿಗ್ರಾಂ. ಹೊಟ್ಟೆಯ ಹುಣ್ಣಿನವರು, ಮೂತ್ರಪಿಂಡದ ರೋಗದವರು, ಹೃದಯ ದುರ್ಬಲವಾದವರು, ಇಪ್ಪತ್ತು ವಾರ ದಾಟಿದ ಗರ್ಭಿಣಿಯರು ವೈದ್ಯರನ್ನು ಕೇಳದೆ ಇವುಗಳನ್ನು ಮುಟ್ಟತಕ್ಕದ್ದಲ್ಲ. ರಕ್ತದ ಒತ್ತಡಕ್ಕೆಂದೂ ಮೂತ್ರ ಹೆಚ್ಚಲೆಂದೂ ಮಾತ್ರೆ ತೆಗೆದುಕೊಳ್ಳುವ ವೃದ್ಧರು ಭೇದಿಯಿಂದಲೋ ಬಿಸಿಲಿನಿಂದಲೋ ನೀರು ಬತ್ತಿದ್ದಾಗ ಇವನ್ನು ನುಂಗಿದರೆ ಮೂತ್ರಪಿಂಡಗಳು ಸೋಲಬಹುದು. ಹೃದಯಕ್ಕಾಗಿ ದಿನವೂ ಸಣ್ಣ ಆಸ್ಪಿರಿನ್ ನುಂಗುವವರಿಗೆ ಇನ್ನೊಂದು ಸೂಕ್ಷ್ಮವಿದೆ. ಐಬುಪ್ರೊಫೆನ್ ಮೊದಲು ಹೋಗಿ ಕುಳಿತರೆ ಆಸ್ಪಿರಿನ್ನಿಗೆ ಅಲ್ಲಿ ಎಡೆ ದೊರೆಯದೆ ಅದರ ಕೆಲಸ ಕೆಡುತ್ತದೆ. ಎರಡನ್ನೂ ಯಾವ ಗಂಟೆಗೆ ತೆಗೆದುಕೊಳ್ಳಬೇಕೆಂದು ವೈದ್ಯರಿಂದಲೇ ಕೇಳಿ ತಿಳಿಯಬೇಕು.

ಮೂತ್ರಪಿಂಡದ ಮಾತು ಬಂದುದರಿಂದ ಒಂದು ಪ್ರಾಸಂಗಿಕ ಸಂಗತಿ. ನಮ್ಮ ದೇಶದಲ್ಲಿ ರಣಹದ್ದುಗಳು ಲಕ್ಷಗಟ್ಟಲೆ ಅಳಿದುಹೋದುದಕ್ಕೆ ಕಾರಣವು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂದು ೨೦೦೪ರ ಸುಮಾರಿಗೆ ಗೊತ್ತಾಯಿತು. ಸತ್ತ ದನದ ಮಾಂಸದಲ್ಲಿ ಉಳಿದಿದ್ದ ಅಷ್ಟು ಔಷಧದಿಂದಲೇ ಹಕ್ಕಿಗಳ ಮೂತ್ರಪಿಂಡಗಳು ನಾಶವಾದವು. ೨೦೦೬ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿದರು. ರಾಮನಗರದ ರಾಮದೇವರ ಬೆಟ್ಟವನ್ನು ೨೦೧೨ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದುದು, ಅಳಿದುಳಿದ ಕೆಲವನ್ನಾದರೂ ಕಾಪಾಡುವುದಕ್ಕಾಗಿ. ಮನುಷ್ಯನು ಹದ್ದಿನಷ್ಟು ಸೂಕ್ಷ್ಮನಲ್ಲ, ನಿಜ. ಆದರೂ ಮೊಣಕಾಲಿಗೆ ಹಚ್ಚುವ ಮುಲಾಮಿನಿಂದಲೇ ಸಾಗುವುದಾದರೆ, ವರ್ಷಗಟ್ಟಲೆ ಮಾತ್ರೆಯನ್ನು ನುಂಗುವುದೇಕೆ? ಮುಲಾಮಿನಿಂದ ರಕ್ತಕ್ಕೆ ಸೇರುವ ಔಷಧವು ಬಹಳ ಕಡಿಮೆ.

ಮಳೆಗಾಲದ ಜ್ವರದಲ್ಲಂತೂ ಈ ಎರಡನೆಯ ಕುಲದವುಗಳನ್ನು ಬಾಗಿಲೊಳಗೇ ಬಿಡಕೂಡದು. ಡೆಂಗ್ಯೂವಿನಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಾಗುತ್ತವೆ; ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್‌ಗಳು ಉಳಿದ ಕಣಗಳನ್ನೂ ನಿರ್ಬಲಗೊಳಿಸಿ ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ನಮ್ಮಾಕೆಯು ಮೊಣಕಾಲಿಗೆಂದು ನುಂಗಿದ ಜೋಡಿ ಮಾತ್ರೆಯನ್ನು ಕಂಡು ವೈದ್ಯನ ಮುಖವು ಬಿಗಿದುಕೊಂಡುದು ಏಕೆಂದು ನನಗೆ ಆಮೇಲೆ ತಿಳಿಯಿತು. ಇಂತಹ ಜ್ವರಕ್ಕೆ ಮಿತವಾದ ಪ್ಯಾರಾಸಿಟಮಾಲ್ ಒಂದೇ; ಜೊತೆಗೆ ಧಾರಾಳವಾಗಿ ನೀರು, ಗಂಜಿ, ಎಳನೀರು. ಮೂರು ದಿನಗಳಾದರೂ ಜ್ವರ ಬಿಡದಿದ್ದರೆ, ಅಥವಾ ಹೊಟ್ಟೆನೋವು, ಬಿಡದ ವಾಂತಿ, ವಸಡಿನ ರಕ್ತ, ಮಂಕು ಕಂಡರೆ ಆ ಕ್ಷಣವೇ, ಆಸ್ಪತ್ರೆಗೆ ಹೋಗಬೇಕು.

ಮಕ್ಕಳ ವಿಷಯದಲ್ಲಿ ವಯಸ್ಸಿಗಿಂತ ತೂಕವೇ ಮುಖ್ಯ. ಪ್ಯಾರಾಸಿಟಮಾಲ್ ಕಿಲೋ ಒಂದಕ್ಕೆ ೧೦ರಿಂದ ೧೫ ಮಿಲಿಗ್ರಾಂ; ದಿನಕ್ಕೆ ನಾಲ್ಕು ಸಲಕ್ಕೆ ಮೀರದಂತೆ. ಹತ್ತು ಕಿಲೋ ತೂಗುವ ಮಗುವಿಗೆ ಒಂದು ಸಲಕ್ಕೆ ಹೆಚ್ಚೆಂದರೆ ೧೫೦. ಆದರೆ ಸೀಸೆಗಳ ಬಲ ಒಂದೇ ಅಲ್ಲ. ಒಂದು ಸಿರಪ್ಪಿನ ೫ ಮಿಲಿಲೀಟರಿನಲ್ಲಿ ೧೨೦ ಮಿಲಿಗ್ರಾಂ, ಮತ್ತೊಂದರಲ್ಲಿ ೨೫೦. ಹಸುಗೂಸುಗಳ ಹನಿಯೌಷಧವಾದರೋ ಪ್ರತಿಯೊಂದು ಮಿಲಿಲೀಟರಿಗೆ ೧೦೦. ಹನಿಯೌಷಧವನ್ನು ಸಿರಪ್ಪೆಂದು ತಿಳಿದು ೫ ಮಿಲಿಲೀಟರ್ ಕುಡಿಸಿದರೆ ಆ ಹತ್ತು ಕಿಲೋ ಮಗುವಿಗೆ ೫೦೦ ಮಿಲಿಗ್ರಾಂ ಹೋಯಿತು! ಅಡಿಗೆಮನೆಯ ಚಮಚೆಯೂ ಅಳತೆಯಲ್ಲ. ಸೀಸೆಯೊಡನೆ ಬರುವ ಗೆರೆಯುಳ್ಳ ಮುಚ್ಚಳವನ್ನೋ ಪಿಚಕಾರಿಯನ್ನೋ ಬಳಸಬೇಕು. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಕೊಡಲೇಬಾರದು. ೧೯೬೩ರಲ್ಲಿ ಆಸ್ಟ್ರೇಲಿಯದ ರೈ ಎಂಬಾತನು ವರ್ಣಿಸಿದ, ಮೆದುಳು ಯಕೃತ್ತುಗಳನ್ನು ಒಮ್ಮೆಗೇ ಕೆಡಿಸುವ ರೋಗಕ್ಕೆ ಅದು ಎಡೆಕೊಡುತ್ತದೆ. ನಿಮೆಸುಲೈಡ್ ಎಂಬುದನ್ನು ಹನ್ನೆರಡು ವರ್ಷದೊಳಗಿನವರಿಗೆ ಕೊಡದಂತೆ ಭಾರತ ಸರ್ಕಾರವು ೨೦೧೧ರಲ್ಲಿಯೇ ನಿಷೇಧಿಸಿದೆ. ಹಳೆಯ ಚೀಟಿಯನ್ನು ನೋಡಿ ತರುವವರು ಇದನ್ನು ಮರೆಯಬಾರದು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಸೀಸೆಯ ಗೊಡವೆಯೇ ಬೇಡ, ನೇರವಾಗಿ ವೈದ್ಯರಲ್ಲಿಗೆ.

ಈಗ ನಮ್ಮ ಮನೆಯಲ್ಲಿ ಔಷಧದ ಡಬ್ಬಿಯ ಮೇಲೆ ಒಂದು ಹಲಗೆಯನ್ನು ತೂಗುಹಾಕಿದ್ದೇವೆ. ಮೊಮ್ಮಗಳ ಹಳೆಯ ಸ್ಲೇಟು. ಯಾರು ಯಾರಿಗೆ ಏನು ಕೊಟ್ಟರೂ, ಹೆಸರು, ಮಿಲಿಗ್ರಾಂ, ಗಂಟೆ, ಮೂರನ್ನೂ ಅದರ ಮೇಲೆ ಬರೆಯಬೇಕು. ಹೆಸರೆಂದರೆ ಸ್ಟ್ರಿಪ್ಪಿನ ಮುಂದುಗಡೆಯ ದೊಡ್ಡ ಹೆಸರಲ್ಲ, ಹಿಂದುಗಡೆಯ ಸಣ್ಣದು. ಸ್ಟ್ರಿಪ್ಪನ್ನು ಕತ್ತರಿಸುವಾಗ ಹೆಸರೂ ಅವಧಿಯ ತಾರೀಖೂ ಇರುವ ತುದಿಯನ್ನು ಕಡೆಯವರೆಗೂ ಉಳಿಸಿಕೊಳ್ಳಬೇಕೆಂಬುದು ಸೊಸೆಯು ಮಾಡಿದ ಕಟ್ಟಳೆ. ಅಂಗಡಿಯವನು ಬಿಡಿಯಾಗಿ ಕತ್ತರಿಸಿ ಕೊಟ್ಟರೆ, ಹೆಸರನ್ನು ಕಾಗದದ ಮೇಲೆ ಬರೆಯಿಸಿಕೊಂಡೇ ಮಗನು ಹಿಂದಿರುಗುತ್ತಾನೆ. ಮೊದಮೊದಲು ಅಂಗಡಿಯವನು ನಗುತ್ತಿದ್ದನಂತೆ. ಈಗ ತಾನಾಗಿಯೇ ಬರೆದುಕೊಡುತ್ತಾನೆ.

ಮೊನ್ನೆ ನನಗೆ ತಲೆನೋವು ಬಂದಿತ್ತು. ಡಬ್ಬಿಯ ಮುಚ್ಚಳವು ಸದ್ದಾದೊಡನೆ ಅಡಿಗೆಮನೆಯಿಂದ, “ರೀ, ಹಲಗೆ ನೋಡಿದಿರಾ? ಹತ್ತು ಗಂಟೆಗೆ ಒಂದು ತೆಗೆದುಕೊಂಡಿದ್ದೀರಿ” ಎಂದು ಧ್ವನಿ ಬಂದಿತು. ಗೋಡೆಯ ಗಡಿಯಾರದಲ್ಲಿ ಆಗ ಹನ್ನೆರಡೂವರೆ. ನಾನು ಡಬ್ಬಿಯನ್ನು ಮುಚ್ಚಿ ಬಂದು ಕಣ್ಣು ಮುಚ್ಚಿ ಮಲಗಿದೆನು.